ಕೈಬಲೆ ಹಿಡಿಯುವವನಿಗೆ

ಚಿರಂಜೀವಿ ಅಳಿಯನಿಗೆ ಸೋದರಮಾವನ ಆಶೀರ್ವಾದಗಳು.

ನೀನೂ ನಿನ್ನ ಗೆಳೆಯನೂ ಎರಡು ದಿನ ಕೆರೆಯ ದಂಡೆಯಲ್ಲಿ ಉಳಿದುಕೊಂಡು ಗೆಂಡೆ (ಕಾರ್ಪ್) ಮೀನಿಗೆ ಗಾಳ ಹಾಕಲು ಹೊರಟಿರುವ ಸುದ್ದಿಯನ್ನು ನಿನ್ನ ತಾಯಿ ತಿಳಿಸಿದಳು. ಯಾವ ಕೋಲು ಒಯ್ಯಬೇಕು, ದಾರ ಎಷ್ಟು ಗಟ್ಟಿಯದಿರಬೇಕು, ಎರೆ ಯಾವುದು ಎಂದು ನನ್ನಿಂದ ಕೇಳಿ ತಿಳಿಯಲು ಅವಳಿಗೆ ಹೇಳಿದ್ದೀಯಂತೆ. ಅವೆಲ್ಲವನ್ನೂ ಬರೆಯುತ್ತೇನೆ. ಆದರೆ ಬಹಳ ವರ್ಷ ಈ ಮೀನಿನ ಹಿಂದೆ ಅಲೆದವನಾದ ನನಗೆ, ನೀನು ಕೇಳದೆ ಬಿಟ್ಟ ಒಂದು ಪ್ರಶ್ನೆಯೇ ಹೆಚ್ಚು ಮುಖ್ಯವೆಂದು ತೋರುತ್ತದೆ. ಗೆಳೆಯನ ಗಾಳಕ್ಕೆ ಮೀನು ಸಿಕ್ಕಿದಾಗ ನೀನು ಏನು ಮಾಡುತ್ತೀಯೆ ಎಂಬುದೇ ಆ ಪ್ರಶ್ನೆ.

ಸಲಕರಣೆಯ ವಿಷಯವನ್ನು ಮೊದಲು ಮುಗಿಸಿಬಿಡುತ್ತೇನೆ, ಏಕೆಂದರೆ ಹೊಸಬರು ಕೊಡುವಷ್ಟು ಮಹತ್ವ ಅದಕ್ಕಿಲ್ಲ. 5ರಿಂದ 7 ಕಿಲೋ ಎಳೆತವನ್ನು ತಾಳುವ ನೈಲಾನ್ ದಾರ ಸಾಕು. ಗಾಳದ ಮುಳ್ಳು 6ರಿಂದ 10ರವರೆಗಿನ ಯಾವ ಅಳತೆಯದಾದರೂ ನಡೆಯುತ್ತದೆ; ಸಂಖ್ಯೆ ಏರಿದಷ್ಟೂ ಮುಳ್ಳು ಚಿಕ್ಕದಾಗುತ್ತದೆ ಎಂಬುದು ನೆನಪಿರಲಿ. ಗಂಟನ್ನು ಬಿಗಿಯುವ ಮೊದಲು ಎಂಜಲಿನಿಂದ ತೇವ ಮಾಡು. ಒಣ ನೈಲಾನನ್ನು ಜಗ್ಗಿದರೆ ಉಜ್ಜಿದ ಬಿಸಿಗೆ ದಾರ ಆ ಜಾಗದಲ್ಲೇ ಸತ್ವಗೆಡುತ್ತದೆ. ಸೀಸದ ಗುಂಡನ್ನು, ದಾರ ತುಂಡಾದರೂ ತಾನಾಗಿ ಕಳಚಿ ಬೀಳುವಂತೆ ಕಟ್ಟಬೇಕು. ಇಲ್ಲದಿದ್ದರೆ ತಪ್ಪಿಸಿಕೊಂಡ ಮೀನು ಆ ಭಾರವನ್ನು ಎಳೆದುಕೊಂಡೇ ತಿರುಗಿ, ಕಡೆಗೆ ಜೊಂಡಿನ ನಡುವೆ ಸಿಕ್ಕಿ ಸಾಯುತ್ತದೆ. ರೀಲಿನ ಬಿಗಿಯನ್ನು ಸಡಿಲಿಸದೆ ಕೋಲನ್ನು ಊರಿಟ್ಟು ಅತ್ತ ಇತ್ತ ಹೋಗಬೇಡ. ದೊಡ್ಡ ಗೆಂಡೆ ಕೋಲನ್ನೇ ನೀರಿಗೆಳೆದುಕೊಂಡು ಹೋಗುತ್ತದೆ. ನನ್ನದೊಂದು ಕೋಲು ಹಾಗೆಯೇ ಹೋಗಿದೆ.

ಇನ್ನು ಮೀನಿನ ವಿಷಯ. ಗೆಂಡೆಯನ್ನು ದಡ್ಡ ಮೀನೆಂದು ಭಾವಿಸಿ ಬಂದವರು ಬರಿಗೈಯಲ್ಲಿ ಹಿಂತಿರುಗುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಅದರ ಬಾಯ ಸುತ್ತ ಎರಡು ಜೊತೆ ಮೀಸೆಗಳಿವೆ. ಅವುಗಳ ಮೇಲೆಲ್ಲ ರುಚಿಯನ್ನು ಗ್ರಹಿಸುವ ಮೊಗ್ಗುಗಳಿರುವುದರಿಂದ, ಕಣ್ಣಿಗೆ ಏನೂ ಕಾಣದ ಕೆಸರಿನಲ್ಲಿಯೂ ಅದು ಆಹಾರವನ್ನು ತಡಕಿ ಹುಡುಕುತ್ತದೆ. ಬಾಯಿಯಲ್ಲಿ ಹಲ್ಲಿಲ್ಲ, ಆದರೆ ಗಂಟಲಿನ ಒಳಗಿರುವ ಹಲ್ಲುಗಳು ಬಸವನಹುಳುವಿನ ಚಿಪ್ಪನ್ನೂ ನುರಿಯಬಲ್ಲವು. ಅದಕ್ಕೆ ಜಠರವೇ ಇಲ್ಲವಾದ್ದರಿಂದ ಒಮ್ಮೆಲೇ ಹೊಟ್ಟೆ ತುಂಬಿಸಿಕೊಂಡು ಸುಮ್ಮನಾಗದೆ, ಸ್ವಲ್ಪ ಸ್ವಲ್ಪವಾಗಿ ಮೇಯುತ್ತಲೇ ಇರುತ್ತದೆ. ತಳದ ಮಣ್ಣನ್ನು ಬಾಯಿಯಿಂದ ಹೀರಿ, ಬೇಕಾದುದನ್ನು ಉಳಿಸಿಕೊಂಡು, ಬೇಡದುದನ್ನು ಉಗುಳುವುದೇ ಅದರ ಊಟದ ರೀತಿ. ನಿನ್ನ ಎರೆಯನ್ನೂ ಅದು ಹೀಗೆಯೇ ಹೀರಿ ಪರೀಕ್ಷಿಸಿ ಉಗುಳುತ್ತದೆ, ನಿನಗೆ ಸುಳಿವೂ ಸಿಕ್ಕಿರುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ ಅದರ ಶ್ರವಣಶಕ್ತಿಯನ್ನು ಮರೆಯಬೇಡ. ಹೊಟ್ಟೆಯೊಳಗಿನ ಗಾಳಿಚೀಲದಿಂದ ಒಳಕಿವಿಯವರೆಗೆ ಪುಟ್ಟ ಮೂಳೆಗಳ ಸಾಲೊಂದು ಸದ್ದನ್ನು ಒಯ್ದು ಮುಟ್ಟಿಸುತ್ತದೆ. ದಂಡೆಯ ಮೇಲೆ ನೀವಿಬ್ಬರು ಧಡಧಡನೆ ನಡೆದರೆ, ಡಬ್ಬಿಯನ್ನು ಕಲ್ಲಿನ ಮೇಲೆ ಕುಕ್ಕಿದರೆ, ಅದು ನೀರಿಗೂ ಕೇಳಿಸುತ್ತದೆ. ಗೆಳೆಯರು ಕೂಡಿದಲ್ಲಿ ಮಾತು ನಿಲ್ಲದು, ಅದನ್ನು ನಾನು ಬಲ್ಲೆ. ಮೆಲುದನಿಯ ಮಾತು ಅಷ್ಟಾಗಿ ಕೆಡಿಸುವುದಿಲ್ಲ, ಕೆಡಿಸುವುದು ಕಾಲಿನ ಸದ್ದು.

ಆದ್ದರಿಂದ ಕೆರೆಗೆ ಹೋದ ಕೂಡಲೇ ಚೀಲ ಬಿಚ್ಚಬೇಡಿ. ಕಡಿಮೆಯೆಂದರೆ ಅರ್ಧ ಗಂಟೆ ಇಬ್ಬರೂ ದಂಡೆಯುದ್ದಕ್ಕೂ ಮೆಲ್ಲಗೆ ನಡೆದು ನೀರನ್ನು ನೋಡಿ. ಗೆಂಡೆ ತಳವನ್ನು ಕೆದಕುತ್ತಿರುವಲ್ಲಿ ಸಣ್ಣ ಗುಳ್ಳೆಗಳು ಗುಂಪಾಗಿ ಮೇಲೇಳುತ್ತವೆ, ನೀರು ಒಂದು ಕಡೆ ಮಾತ್ರ ಬಗ್ಗಡವಾಗುತ್ತದೆ, ಜೊಂಡಿನ ಕಡ್ಡಿಗಳು ಗಾಳಿಯಿಲ್ಲದೆ ಅಲುಗುತ್ತವೆ. ಬೆಚ್ಚನೆಯ ಗಾಳಿ ಒಂದೇ ದಿಕ್ಕಿಗೆ ಬಹಳ ಹೊತ್ತು ಬೀಸಿದರೆ ಮೇಲುನೀರೂ ಅದರೊಡನೆ ಆಹಾರವೂ ಎದುರು ದಂಡೆಗೆ ಸೇರುತ್ತವೆ. ಮೀನು ಅಲ್ಲಿಗೇ ಹೋಗುತ್ತದೆ. ಮುಖಕ್ಕೆ ಗಾಳಿ ಬಡಿಯುವ ದಂಡೆಯಲ್ಲಿ ಕೂರುವುದು ಹಿತವಲ್ಲ, ಆದರೂ ಅಲ್ಲಿಯೇ ಕೂರಬೇಕು. ತಣ್ಣನೆಯ ಗಾಳಿಯಾದರೆ ಈ ಲೆಕ್ಕ ತಿರುಗುಮುರುಗಾಗುತ್ತದೆ, ಮರೆಯಿರುವ ಕಡೆಯನ್ನು ಆರಿಸಿಕೊಳ್ಳಿ. ಕಡು ಬೇಸಿಗೆಯಲ್ಲಿ, ಕಳೆ ತುಂಬಿದ ಕೆರೆಗಳಲ್ಲಿ, ಇರುಳೆಲ್ಲ ಗಿಡಗಳೂ ಆಮ್ಲಜನಕವನ್ನು ಬಳಸುವುದರಿಂದ ನಸುಕಿನ ವೇಳೆಗೆ ಅದು ತೀರ ತಗ್ಗಿರುತ್ತದೆ. ಆಗ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಗಾಳ ಎಸೆಯದೆ ಕಾಯಿರಿ. ದಂಡೆಯಂಚಿನ ಗಿಡಗಳ ನಡುವೆ ಅವು ಗುಂಪುಗೂಡಿ ಹೊರಳಾಡುತ್ತಿದ್ದರೆ ಅದು ಮೊಟ್ಟೆಯಿಡುವ ಕಾಲ. ಆಗಲೂ ಅವುಗಳ ತಂಟೆಗೆ ಹೋಗಬಾರದು. ಒಂದು ದೊಡ್ಡ ಹೆಣ್ಣು ಲಕ್ಷಗಟ್ಟಲೆ ಮೊಟ್ಟೆಗಳನ್ನಿಡುತ್ತದೆ, ಅದರಲ್ಲಿ ಬದುಕಿ ದೊಡ್ಡದಾಗುವುದು ಬಲು ಕಡಿಮೆ.

ಎರೆಗೆ ಜೋಳದ ಕಾಳಿಗಿಂತ ಸುಲಭವಾದುದು ಬೇರೊಂದಿಲ್ಲ. ನಾನು ಹೇಳುತ್ತಿರುವುದು ಮುಸುಕಿನ ಜೋಳ. ಒಣಕಾಳನ್ನು ಒಂದು ಹಗಲು ಒಂದು ರಾತ್ರಿ ನೆನೆಸಿ, ಮೆತ್ತಗಾಗುವಂತೆ ಬೇಯಿಸಿಕೊಂಡು ಹೋಗಬೇಕು. ಹಸಿ ಒಣಕಾಳನ್ನು ನೀರಿಗೆ ಚೆಲ್ಲುವುದು ಪಾಪದ ಕೆಲಸ, ಅದು ಮೀನಿನ ಹೊಟ್ಟೆಯೊಳಗೆ ಊದಿಕೊಂಡು ತೊಂದರೆ ಕೊಡುತ್ತದೆ. ಮೊದಲು ಎರಡು ಹಿಡಿಯಷ್ಟು ಚೆಲ್ಲಿ ನೋಡಿ. ಬೇಕೆನಿಸಿದರೆ ಮತ್ತೆ ಹಾಕಬಹುದು, ಹಾಕಿದ್ದನ್ನು ಹಿಂದಕ್ಕೆ ತೆಗೆಯಲಾಗದು. ಎರೆಯನ್ನು ಮುಳ್ಳಿಗೆ ಚುಚ್ಚದೆ, ಮುಳ್ಳಿನ ಬಾಗಿನಿಂದ ಇಳಿಬಿಟ್ಟ ಕೂದಲಿನಂಥ ಎಳೆಗೆ ಪೋಣಿಸುವ ಒಂದು ಕ್ರಮವಿದೆ. ಮೀನು ಎರೆಯನ್ನು ಹೀರುವಾಗ ಬರಿಯ ಮುಳ್ಳೂ ಜೊತೆಗೆ ಬಾಯೊಳಗೆ ಹೋಗಿ, ಉಗುಳುವಾಗ ತುಟಿಗೆ ತಗುಲುತ್ತದೆ. ಮೊದಲು ಹೇಳಿದ ಹೀರಿ ಉಗುಳುವ ಚಾತುರ್ಯಕ್ಕೆ ಇದೇ ಉತ್ತರ. ಇದನ್ನು ರೂಪಿಸಿದವರು ಇಂಗ್ಲೆಂಡಿನ ಲೆನ್ ಮಿಡಲ್ಟನ್ ಮತ್ತು ಕೆವಿನ್ ಮ್ಯಾಡಕ್ಸ್ ಎಂಬಿಬ್ಬರು. ಒಬ್ಬನೇ ಕುಳಿತು ಕಂಡುಹಿಡಿದ ವಿದ್ಯೆ ಇದಲ್ಲವೆಂಬುದು ನನಗೆ ಯಾವಾಗಲೂ ಸಂತೋಷ ಕೊಡುವ ವಿಷಯ.

ಈಗ ಇಬ್ಬರ ವಿಷಯಕ್ಕೆ ಬರುತ್ತೇನೆ. ಯಾರು ಎಲ್ಲಿ ಕೂರಬೇಕೆಂಬುದನ್ನು ಕೋಲು ಬಿಚ್ಚುವ ಮೊದಲೇ ಚೀಟಿ ಎತ್ತಿ ತೀರ್ಮಾನಿಸಿ, ಮರುದಿನ ಜಾಗ ಅದಲುಬದಲು ಮಾಡಿಕೊಳ್ಳಿ. ಒಳ್ಳೆಯ ಜಾಗವನ್ನು ಬಾಯಿಮಾತಿನಲ್ಲಿ ಬಿಟ್ಟುಕೊಟ್ಟು ಮನಸ್ಸಿನಲ್ಲಿ ಇಟ್ಟುಕೊಳ್ಳುವವರು ಸಂಜೆಯ ಹೊತ್ತಿಗೆ ಮುಖ ಗಂಟಿಕ್ಕಿಕೊಂಡಿರುತ್ತಾರೆ. ಒಬ್ಬನ ದಾರ ಇನ್ನೊಬ್ಬನ ದಾರವನ್ನು ದಾಟದಂತೆ ಎಸೆಯಬೇಕು. ಒಬ್ಬನಿಗೆ ಮೀನು ಸಿಕ್ಕಿದೊಡನೆ ಮತ್ತೊಬ್ಬನು ಕರೆಯುವ ಮೊದಲೇ ತನ್ನ ದಾರವನ್ನು ಸುತ್ತಿಕೊಂಡು, ಮೀನನ್ನು ನೀರಿನಿಂದ ಎತ್ತುವ ಕೈಬಲೆಯನ್ನು ಹಿಡಿದು ಪಕ್ಕಕ್ಕೆ ಬರಬೇಕು. ತನ್ನ ಬೆಂಡೂ ಅಲುಗುತ್ತಿರುವಾಗ ಹೀಗೆ ಎದ್ದು ಬರುವುದು ಎಷ್ಟು ಕಷ್ಟವೆಂಬುದನ್ನು ದಂಡೆಯಲ್ಲಿ ಕುಳಿತವನೇ ಬಲ್ಲ.

ಕೈಬಲೆಯ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ನಿನಗೆ ಹೇಳಲೇಬೇಕು. ನಿನ್ನ ವಯಸ್ಸಿನಲ್ಲಿದ್ದಾಗ ನಾನೂ ನನ್ನ ಗೆಳೆಯನೂ ಹೀಗೆಯೇ ಒಂದು ಕೆರೆಗೆ ಹೋಗಿದ್ದೆವು. ಎರಡನೆಯ ದಿನ ಮಧ್ಯಾಹ್ನದವರೆಗೂ ಇಬ್ಬರಿಗೂ ಏನೂ ಸಿಕ್ಕಿರಲಿಲ್ಲ. ಆಮೇಲೆ ಅವನ ಕೋಲು ಬಾಗಿತು. ಇಪ್ಪತ್ತು ನಿಮಿಷ ಅವನು ಅದರೊಡನೆ ತಾಳ್ಮೆಯಿಂದ ಹೆಣಗಿ, ಮೀನನ್ನು ದಂಡೆಯ ಹತ್ತಿರಕ್ಕೆ ತಂದ. ಅದರ ಬೆನ್ನು ಕಂಡೊಡನೆ ನನಗೆ ತಡೆಯಲಾಗಲಿಲ್ಲ. ನಾನು ನೀರಿಗಿಳಿದು ಬಲೆಯನ್ನು ಅದರ ಬಾಲದ ಕಡೆಯಿಂದ ಬೀಸಿದೆ. ಬಲೆಯ ಅಂಚು ತಾಗಿದ್ದೇ ತಡ, ಮೀನು ಸಿಡಿದು ತಿರುಗಿತು, ದಾರ ಬಲೆಯ ಚೌಕಟ್ಟಿಗೆ ಸಿಕ್ಕಿ ತುಂಡಾಯಿತು. ಗೆಳೆಯ ಒಂದೂ ಮಾತಾಡದೆ ಕೂತು ಹೊಸ ಗಾಳ ಕಟ್ಟತೊಡಗಿದ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಬಹಳ ಯೋಚಿಸಿದ ಮೇಲೆ ಗೊತ್ತಾದದ್ದು ಇಷ್ಟು: ನನಗೆ ಅವನ ಮೀನು ದಂಡೆಗೆ ಬರಲೆಂಬುದಕ್ಕಿಂತ, ಅದನ್ನು ತಂದವನು ನಾನಾಗಬೇಕೆಂಬ ಆಸೆಯೇ ದೊಡ್ಡದಾಗಿತ್ತು.

ಬಲೆಯನ್ನು ಹಿಡಿಯುವ ಸರಿಯಾದ ಕ್ರಮ ಹೀಗಿದೆ. ಮೀನು ಇನ್ನೂ ದೂರದಲ್ಲಿರುವಾಗಲೇ ಬಲೆಯನ್ನು ಪೂರ್ತಿ ನೆನೆಸಿ, ನೀರಿನೊಳಗೆ ಮುಳುಗಿಸಿ, ಅಲುಗಿಸದೆ ಹಿಡಿದಿರಬೇಕು. ಮೀನಿನ ಹಿಂದೆ ಬಲೆ ಹೋಗಬಾರದು, ಗೆಳೆಯನೇ ಮೀನನ್ನು ಬಲೆಯ ಮೇಲಕ್ಕೆ ತರಬೇಕು, ಅದೂ ತಲೆ ಮುಂದಾಗಿ. ಮೀನು ಮೊದಲ ಬಾರಿ ಬಲೆಯನ್ನು ಕಂಡಾಗ ಖಂಡಿತವಾಗಿ ಇನ್ನೊಮ್ಮೆ ಓಡುತ್ತದೆ, ಓಡಲಿ. ಮಗ್ಗುಲಾಗಿ ಬಾಯಿಯಿಂದ ಗಾಳಿಯನ್ನು ನುಂಗಿದ ಮೇಲೆ ಅದರ ಬಲ ಕುಗ್ಗಿದೆಯೆಂದು ತಿಳಿ. ಗೆಳೆಯ ಹೇಳಿದ ಮೇಲೆಯೇ ಬಲೆಯನ್ನೆತ್ತು. ಅಲ್ಲಿಯವರೆಗೆ ಸಲಹೆಯನ್ನೂ ಕೊಡಬೇಡ. ಕೋಲು ಅವನ ಕೈಯಲ್ಲಿದೆ, ಎಳೆತದ ಲೆಕ್ಕ ಅವನಿಗೇ ಗೊತ್ತು.

1952ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ರೆಡ್‌ಮೈರ್ ಎಂಬ ಪುಟ್ಟ ಕೊಳದಲ್ಲಿ ರಿಚರ್ಡ್ ವಾಕರ್ ಎಂಬಾತ ಹಿಡಿದ ಗೆಂಡೆ 44 ಪೌಂಡು, ಅಂದರೆ ಸುಮಾರು 20 ಕಿಲೋ ತೂಗಿತು. ಆ ದೇಶದ ದಾಖಲೆಯಾಗಿ ಅದು 1980ರವರೆಗೆ ಉಳಿಯಿತು. ಮೀನು ಲಂಡನ್ನಿನ ಮೃಗಾಲಯದಲ್ಲಿ ಎಷ್ಟೋ ವರ್ಷ ಬದುಕಿತ್ತು. ಗಾಳ ಹಾಕುವವರೆಲ್ಲ ವಾಕರನ ಹೆಸರನ್ನು ಬಲ್ಲರು. ಆ ನಸುಕಿನ ಕತ್ತಲಲ್ಲಿ ಅವನ ಪಕ್ಕದಲ್ಲಿದ್ದ ಗೆಳೆಯ ಪೀಟ್ ಥಾಮಸನ ಹೆಸರು ಅಷ್ಟು ಜನರಿಗೆ ನೆನಪಿಲ್ಲ. ನನಗೆ ಮಾತ್ರ ಆ ಕಥೆ ಓದಿದಾಗಲೆಲ್ಲ ಮೊದಲು ನೆನಪಾಗುವವನು ಅವನೇ.

ಮೀನು ದಂಡೆಗೆ ಬಂದ ಮೇಲೆ ಕೈ ಒದ್ದೆ ಮಾಡಿಕೊಳ್ಳದೆ ಮುಟ್ಟಬೇಡಿ; ಒಣಕೈ ಅದರ ಮೈಯ ಲೋಳೆಯನ್ನು ಕಿತ್ತುಹಾಕಿದರೆ ಸೋಂಕು ತಗುಲುತ್ತದೆ. ನೆಲದ ಮೇಲೆ ನೆನೆಸಿದ ಮೆತ್ತನೆಯ ಹಾಸನ್ನು ಹಾಸಿ ಅದರ ಮೇಲೆಯೇ ಮುಳ್ಳು ಬಿಡಿಸಿ. ಫೋಟೊ ತೆಗೆಯುವುದಾದರೆ ಹಾಸಿನ ಮೇಲೆ ಮಂಡಿಯೂರಿ, ಮೀನನ್ನು ನೆಲಕ್ಕೆ ಹತ್ತಿರ ಹಿಡಿದು, ಕೂಡಲೇ ಮುಗಿಸಿ. ತಿರುಗಿ ನೀರಿಗೆ ಬಿಡುವಾಗ ಅದು ತಾನಾಗಿ ಬಾಲ ಬಡಿದು ಹೋಗುವವರೆಗೆ ನೀರಿನಲ್ಲಿ ನೆಟ್ಟಗೆ ಹಿಡಿದಿರಿ. ಇಟ್ಟುಕೊಳ್ಳಬಹುದೋ ಬಿಡಲೇಬೇಕೋ ಎಂಬುದನ್ನು ಆ ಕೆರೆಯ ನಿಯಮಗಳನ್ನು ನೋಡಿ ಮೊದಲೇ ತಿಳಿದುಕೊ, ಪರವಾನಗಿಯನ್ನೂ ಜೊತೆಗಿಟ್ಟುಕೊ. ಬೇರೆ ಕೆರೆಯಿಂದ ತಂದ ಮೀನನ್ನು ಮಾತ್ರ ಎಂದಿಗೂ ಇಲ್ಲಿ ಬಿಡಬಾರದು. ಗೆಂಡೆ ತನ್ನದಲ್ಲದ ನೀರನ್ನು ಹೊಕ್ಕರೆ ತಳವನ್ನು ಕೆದಕಿ, ಕಳೆಯನ್ನು ಕಿತ್ತು, ಅಲ್ಲಿನ ಮೂಲದ ಮೀನುಗಳ ಬಾಳನ್ನು ಕೆಡಿಸುತ್ತದೆ.

ನಿನ್ನ ತಾಯಿಯ ಸಮಾಧಾನಕ್ಕಾಗಿಯೂ ಒಂದೆರಡು ಮಾತು. ಈಗಿನ ಕೋಲುಗಳು ಕಾರ್ಬನ್ನಿನವು, ಅದರ ಮೂಲಕ ವಿದ್ಯುತ್ ಹರಿಯುತ್ತದೆ. ಮೇಲೆ ವಿದ್ಯುತ್ ತಂತಿ ಹಾದುಹೋಗಿರುವ ಜಾಗದ ಹತ್ತಿರ ಕೋಲನ್ನೆತ್ತಬೇಡ, ಗುಡುಗು ಕೇಳಿಸಿದೊಡನೆ ಅದನ್ನು ನೆಲದ ಮೇಲಿಟ್ಟು ದೂರ ಸರಿ. ದಾರ ಎಲ್ಲಿಯಾದರೂ ಸಿಕ್ಕಿಕೊಂಡರೆ ಬಿಡಿಸಲೆಂದು ನೀರಿಗಿಳಿಯಬೇಡ. ಕೆಲವು ರೂಪಾಯಿಯ ಸಾಮಾನಿಗಾಗಿ ಕೆಸರಿನಲ್ಲಿ ಕಾಲು ಹೂತವರಿದ್ದಾರೆ. ರಾತ್ರಿ ಇಬ್ಬರಲ್ಲಿ ಒಬ್ಬನಾದರೂ ಎಚ್ಚರವಿರಲಿ.

ನನ್ನ ಹಳೆಯ ಕೈಬಲೆಯನ್ನು ನಿನ್ನ ತಾಯಿಯ ಕೈಯಲ್ಲಿ ಕಳುಹಿಸಿದ್ದೇನೆ. ಬಾಯಿ ಅಗಲವಾಗಿದೆ, ಹಿಡಿ ಉದ್ದವಾಗಿದೆ, ನೂಲು ಮೆತ್ತಗಿದೆ. ಹಿಡಿಯ ತಿರುಪು ಸ್ವಲ್ಪ ಸಡಿಲವಾಗಿದೆ, ಹೊರಡುವ ಮೊದಲು ಬಿಗಿಮಾಡಿಕೊ. ಮೊದಲ ಸಂಜೆ ಅದು ನಿನ್ನ ಬಳಿಯೇ ಇರಲಿ.

ಇಂತಿ ನಿನ್ನ ಸೋದರಮಾವ