ಏಡಿ ಗೂಡಿಗೂ ಒಂದು ಲೆಕ್ಕ ಬೇಡವೇ?

ಮಾನ್ಯ ಸಂಪಾದಕರೇ,

ಜೂನ್ ಹತ್ತಿರ ಬಂತೆಂದರೆ ಟ್ರಾಲಿಂಗ್ ನಿಷೇಧದ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ತಪ್ಪದೆ ಬರುತ್ತದೆ. ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ 52 ದಿನ. ತಲಪಾಡಿ ದಾಟಿದರೆ ಕರ್ನಾಟಕದಲ್ಲಿ ಜೂನ್ 1ಕ್ಕೇ ಶುರು, 61 ದಿನ. ಒಂದೇ ಕಡಲು, ಒಂದೇ ಮೀನು, ಗಡಿ ಕಲ್ಲಿನ ಆಚೆ ಈಚೆ ಲೆಕ್ಕ ಬೇರೆ. ಇರಲಿ, ಅಷ್ಟಾದರೂ ಲೆಕ್ಕ ಇದೆ. ಬೋಟು ದಡಕ್ಕೆ ಕಟ್ಟಿದ ಫೋಟೋ ಹಾಕುತ್ತೀರಿ, ಮೀನಿನ ರೇಟು ಏರಿದ್ದನ್ನು ಬರೆಯುತ್ತೀರಿ. ಆದರೆ ನಮ್ಮ ಹೊಳೆಗಳ ಒಳಗೆ, ಅಳಿವೆ ಬಾಯಿಯಲ್ಲಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದಲ್ಲಿ ಏಡಿ ಹಿಡಿಯಲು ಸಾಲುಸಾಲಾಗಿ ಇಳಿಸುವ ಗೂಡುಗಳ ಬಗ್ಗೆ ಒಂದು ಸಾಲು ಬಂದದ್ದನ್ನು ನಾನು ಓದಿಲ್ಲ.

ನಾನು ಕಾಸರಗೋಡು ಜಿಲ್ಲೆಯ ಶಿರಿಯ ಹೊಳೆ ಬದಿಯವನು. ನಮ್ಮ ಮನೆಯಲ್ಲೂ ಗೂಡು ಇದೆ. ಹಾಗಾಗಿ ಇದನ್ನು ಏಡಿ ಹಿಡಿಯುವವರ ಮೇಲೆ ಹೊರಗಿನವರು ಯಾರೋ ಹೇಳುವ ದೂರು ಅಂತ ತಿಳಿಯಬೇಡಿ.

ಹಿಂದೆ ಏಡಿ ಹಿಡಿಯುತ್ತಿದ್ದದ್ದು ಹೇಗೆ ಅಂತ ಹೊಳೆ ಬದಿಯ ಹಿರಿಯರನ್ನು ಕೇಳಿ ನೋಡಿ. ಇಳಿತದ ಹೊತ್ತಿಗೆ ಕೆಸರಿಗಿಳಿದು, ಬಿಲಕ್ಕೆ ಕಬ್ಬಿಣದ ಕೊಕ್ಕೆ ಹಾಕಿ ಎಳೆಯುವುದು. ಇಲ್ಲ ಅಂದ್ರೆ ಹಗ್ಗಕ್ಕೆ ಮೀನಿನ ತಲೆ ಕಟ್ಟಿ ನೀರಿಗೆ ಬಿಟ್ಟು, ಏಡಿ ಕಚ್ಚಿದ ಹಾಗೆ ಮೆಲ್ಲ ಮೇಲೆಳೆದು ಕೈಬಲೆಯಲ್ಲಿ ಎತ್ತುವುದು. ಎರಡಕ್ಕೂ ಮನುಷ್ಯ ಅಲ್ಲೇ ಇರಬೇಕು. ಬೆನ್ನು ನೋಯುತ್ತದೆ, ಬೆರಳು ಕಚ್ಚಿಸಿಕೊಳ್ಳಬೇಕಾಗುತ್ತದೆ, ನೀರು ಏರಿದರೆ ಮನೆಗೆ ಹೋಗಲೇಬೇಕು. ಅಂದರೆ ನಿಯಮ ಅಂತ ಬರೆದಿಡದಿದ್ದರೂ ಮನುಷ್ಯನ ಮೈಗೆ ಎಷ್ಟು ಆಗುತ್ತದೋ ಅಷ್ಟೇ ಮಿತಿ ಆಗಿತ್ತು. ಗೂಡು ಬಂದ ಮೇಲೆ ಆ ಮಿತಿ ಹೋಯಿತು. ನಾವು ಮಲಗಿರುವಾಗಲೂ ಗೂಡು ಹಿಡಿಯುತ್ತದೆ. ಈಗ ಮಿತಿ ಇರುವುದು ಕಿಸೆಯಲ್ಲಿ ಮಾತ್ರ, ಎಷ್ಟು ದುಡ್ಡೋ ಅಷ್ಟು ಗೂಡು.

ನೋಡದವರಿಗೆ ಹೇಳುತ್ತೇನೆ. ಗೂಡು ಅಂದರೆ ಕಬ್ಬಿಣದ ಸರಳಿನ ಎರಡು ಚೌಕಟ್ಟು, ಅದಕ್ಕೆ ಸುತ್ತ ಹೊದಿಸಿದ ನೈಲಾನ್ ಬಲೆ. ಎರಡು ಬದಿಯಲ್ಲಿ ಒಳಕ್ಕೆ ಇಳಿಜಾರಾಗಿ ಹೋಗುವ ಬಾಯಿ. ನಡುವೆ ಕೋಳಿ ಕರುಳೋ ಮೀನಿನ ತಲೆಯೋ ಕಟ್ಟಿರುತ್ತಾರೆ. ಏಡಿ ವಾಸನೆ ಹಿಡಿದು ಇಳಿಜಾರು ಹತ್ತಿ ಒಳಗೆ ಬೀಳುತ್ತದೆ. ವಾಪಸು ಹೋಗಲು ಹುಡುಕುವುದು ಕೆಳಗಿನ ಮೂಲೆಗಳಲ್ಲಿ, ಬಾಯಿ ಇರುವುದು ಮೇಲೆ. ಮಡಚಿದರೆ ಚಪ್ಪಟೆ ಆಗುತ್ತದೆ, ಸಣ್ಣ ದೋಣಿಯಲ್ಲೂ ರಾಶಿ ಹಿಡಿಸುತ್ತದೆ. ಬುದ್ಧಿವಂತ ಕೆಲಸವೇ, ಇಲ್ಲ ಅನ್ನುವುದಿಲ್ಲ. ಬಲೆಗಿಂತ ಒಳ್ಳೆಯದು ಕೂಡಾ. ಏಡಿ ಜೀವಂತ ಸಿಗುತ್ತದೆ, ಕಾಲು ಮುರಿಯುವುದಿಲ್ಲ, ಬೇಡದ್ದನ್ನು ವಾಪಸು ಬಿಡಬಹುದು. ಬಿಡುತ್ತೇವಾ ಎಂಬುದು ಬೇರೆ ಪ್ರಶ್ನೆ!

ತೊಂದರೆ ಗೂಡಿನದ್ದಲ್ಲ, ಅದರ ಸಂಖ್ಯೆಯದ್ದು. ಮಂಜೇಶ್ವರ ಹೊಳೆಯನ್ನೇ ತೆಗೆದುಕೊಳ್ಳಿ. ಇಡೀ ಕೇರಳದಲ್ಲೇ ಅತಿ ಚಿಕ್ಕ ಹೊಳೆ ಅದು, ಉದ್ದ ಬರೀ 16 ಕಿಲೋಮೀಟರ್. ಅದರಲ್ಲಿ ಉಪ್ಪು ನೀರು ಹತ್ತುವ ಭಾಗ ಇನ್ನೂ ಎಷ್ಟು ಕಡಿಮೆ ಅಂತ ನೀವೇ ಯೋಚಿಸಿ. ಅಂಥ ಕಡೆ ಒಬ್ಬೊಬ್ಬರು ದೋಣಿ ತುಂಬಾ ಗೂಡು ತಂದು ಈ ದಡದಿಂದ ಆ ದಡಕ್ಕೆ ಬೇಲಿ ಹಾಕಿದ ಹಾಗೆ ಇಳಿಸಿದರೆ ಏಡಿ ಎಲ್ಲಿಗೆ ಹೋಗಬೇಕು? ಅದಕ್ಕೂ ದಾಟುವುದಿದೆ. ಕೆಸರು ಏಡಿ ಬೆಳೆಯುವುದು ನಮ್ಮ ಹೊಳೆಯಲ್ಲೇ ಆದರೂ ಮೊಟ್ಟೆ ಬಿಡುವುದು ಇಲ್ಲಿ ಅಲ್ಲ. ಮೊಟ್ಟೆಗೆ ಬಂದ ಹೆಣ್ಣು ಅಳಿವೆ ದಾಟಿ ಕಡಲಿಗೆ ಹೋಗುತ್ತದೆ, ಮರಿ ಆ ಉಪ್ಪು ನೀರಿನಲ್ಲಿ ಒಡೆದು ಸ್ವಲ್ಪ ಬೆಳೆದ ಮೇಲೆ ವಾಪಸು ಒಳಗೆ ಬರುತ್ತದೆ. ಹೋಗುವ ದಾರಿಯೂ ಬರುವ ದಾರಿಯೂ ಒಂದೇ, ಅಳಿವೆ ಬಾಯಿ. ನಾವು ಗೂಡು ಜಾಸ್ತಿ ಇಡುವುದೂ ಅಲ್ಲೇ, ಯಾಕೆಂದರೆ ತೂಕದ ಏಡಿ ಸಿಗುವುದು ಅಲ್ಲೇ. ಹೊಟ್ಟೆ ತುಂಬಾ ಕೆಂಪು ಮೊಟ್ಟೆ ಇರುವ ಹೆಣ್ಣಿಗೆ ರೇಟು ಬೇರೆ ಇದೆಯಲ್ಲ.

ಇನ್ನು ಕಳೆದುಹೋದ ಗೂಡಿನ ಕಥೆ. ಇದನ್ನು ಯಾರೂ ಹೇಳುವುದಿಲ್ಲ, ಕಳೆದುಕೊಂಡವನು ಅಂತೂ ಹೇಳುವುದೇ ಇಲ್ಲ. ದೋಣಿಯ ಫ್ಯಾನಿಗೆ ಸಿಕ್ಕಿ ಹಗ್ಗ ತುಂಡಾಗುತ್ತದೆ. ಗುರುತಿಗೆ ಬೆಂಡಾಗಿ ತೇಲಲು ಕಟ್ಟಿದ ಖಾಲಿ ಬಾಟಲಿ ಹರಿದುಕೊಂಡು ಹೋಗುತ್ತದೆ. ಮಳೆಗಾಲದ ಮೊದಲ ಬೊಳ್ಳಕ್ಕೆ (ನೆರೆಗೆ) ಗೂಡು ಎಲ್ಲಿಗೆ ಹೋಯಿತು ಅಂತ ಗೊತ್ತಾಗುವುದಿಲ್ಲ. ಹೋದರೆ ಹೋಯಿತು, ಹೊಸದು ತಂದರಾಯಿತು ಅಂತ ನಾವು ಸುಮ್ನಾಗುತ್ತೇವೆ. ಗೂಡು ಸುಮ್ನಾಗುವುದಿಲ್ಲ. ನೈಲಾನ್ ಕೊಳೆಯುವುದಿಲ್ಲ ಅಲ್ವಾ? ಒಳಗೆ ಸಿಕ್ಕಿದ ಏಡಿ ಹಸಿದು ಸಾಯುತ್ತದೆ, ಸತ್ತ ವಾಸನೆಗೆ ಇನ್ನೊಂದು ಬರುತ್ತದೆ, ಅದು ಸತ್ತು ಮತ್ತೊಂದಕ್ಕೆ ಎರೆ ಆಗುತ್ತದೆ. ಬೇಸಿಗೆಯಲ್ಲಿ ನೀರು ಚೆನ್ನಾಗಿ ಇಳಿದ ದಿನ ಕಾಂಡ್ಲಾ ಬೇರುಗಳ ಎಡೆಯಲ್ಲಿ ಸಿಕ್ಕಿಕೊಂಡ ಒಂದು ಹಳೆ ಗೂಡನ್ನು ಎತ್ತಿ ನೋಡಿದರೆ ಗೊತ್ತಾಗುತ್ತದೆ. ಮೇಲೆ ಕಪ್ಪು ಕೆಸರು, ಸರಳು ತುಕ್ಕು ಹಿಡಿದು ಉದುರುತ್ತಿರುತ್ತದೆ, ಬಲೆ ಮಾತ್ರ ಗಟ್ಟಿ. ಒಳಗೆ ಖಾಲಿ ಚಿಪ್ಪುಗಳು ಒಂದರ ಮೇಲೊಂದು, ಬಲೆಯ ಕಣ್ಣಿಗೆ ಸಿಕ್ಕಿಸಿಕೊಂಡ ಹಾಗೇ ಬಿಟ್ಟುಹೋದ ಒಂದು ದೊಡ್ಡ ಕಾಲು, ಅವುಗಳ ನಡುವೆ ಇನ್ನೂ ಜೀವ ಇರುವ ಒಂದು ಸಣ್ಣ ಏಡಿ.

ಬರೀ ಏಡಿ ಅಂತಲೂ ಅಲ್ಲ. ಚಂದ್ರಗಿರಿ ಹೊಳೆಯಲ್ಲಿರುವ ದೊಡ್ಡ ಮೆದು ಚಿಪ್ಪಿನ ಆಮೆಯನ್ನು, ಮಲಯಾಳದಲ್ಲಿ ಪಾಲಪ್ಪೂವನ್ ಆಮೆ ಅನ್ನುತ್ತಾರಲ್ಲ ಅದನ್ನು, ಕಾಸರಗೋಡು ತನ್ನ ಜಿಲ್ಲೆಯ ಪ್ರಾಣಿ ಅಂತ ಘೋಷಿಸಿಕೊಂಡಿದೆ. ಬೆಳೆದ ಆಮೆ ಏಡಿ ಗೂಡಿಗೆ ಹಿಡಿಸುವುದಿಲ್ಲ, ನಿಜ. ಮರಿಗೆ ದಾರಿ ಧಾರಾಳ ಸಾಕು. ಆಮೆಗೆ ಉಸಿರಾಡಲು ಮೇಲೆ ಬರಬೇಕು, ನೀರುನಾಯಿಗೂ ಹಾಗೇ. ಮುಳುಗಿದ ಗೂಡಿನಲ್ಲಿ ಅದು ಎಲ್ಲಿ ಸಾಧ್ಯ? ಪೋಸ್ಟರಿನಲ್ಲಿ ಆಮೆ ಚಿತ್ರ ಹಾಕಿ, ನೀರಿನಲ್ಲಿ ಅದಕ್ಕೆ ಏನಾಗುತ್ತದೆ ಅಂತ ಕೇಳದೆ ಇದ್ದರೆ ಆ ಘೋಷಣೆಗೆ ಅರ್ಥ ಏನು?

ನಿಯಮ ಮಾಡಿದರೆ ಹೊಟ್ಟೆ ಮೇಲೆ ಹೊಡೆದ ಹಾಗೆ ಅನ್ನುವವರಿದ್ದಾರೆ. ಏಡಿಯಿಂದಲೇ ದೊಡ್ಡ ವ್ಯಾಪಾರ ಮಾಡುವ ಊರುಗಳು ಏನು ಮಾಡುತ್ತವೆ ಅಂತ ಒಮ್ಮೆ ನೋಡಿ. ಅಮೆರಿಕದ ಓರೆಗಾನ್ ರಾಜ್ಯದಲ್ಲಿ ಕಡಲಿನ ಏಡಿ ಹಿಡಿಯುವ ಬೋಟಿಗೆ ಗೂಡಿನ ಮಿತಿ ಇದೆ. ಲೈಸೆನ್ಸ್ ನೋಡಿಕೊಂಡು 200, 300 ಅಥವಾ 500, ಅದಕ್ಕಿಂತ ಒಂದು ಜಾಸ್ತಿ ಇಲ್ಲ. ಪ್ರತಿ ಗೂಡಿನ ಬೆಂಡಿಗೂ ನಂಬರಿನ ಟ್ಯಾಗ್. ಗಂಡು ಏಡಿ ಮಾತ್ರ ಹಿಡಿಯಬೇಕು, ಅದೂ ಚಿಪ್ಪಿನ ಅಗಲ ಆರೂಕಾಲು ಇಂಚು ಇದ್ದರೆ. ಗೂಡಿನಲ್ಲಿ ನಾಲ್ಕೂಕಾಲು ಇಂಚಿನ ಉಂಗುರ ಇಡಬೇಕು, ಸಣ್ಣ ಏಡಿ ತಾನೇ ಹೊರಗೆ ಹೋಗುತ್ತದೆ. ಮುಚ್ಚಳವನ್ನು ಹತ್ತಿ ದಾರದಲ್ಲಿ ಕಟ್ಟಬೇಕು, ಗೂಡು ಕಳೆದುಹೋದರೆ ಸ್ವಲ್ಪ ಸಮಯದಲ್ಲಿ ದಾರ ಕೊಳೆತು ಬಾಯಿ ತೆರೆದುಕೊಳ್ಳುತ್ತದೆ. ಇದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಈ ದಾರದ ಉಪಾಯ. ಕಾವಲಿಗೆ ಜನ ಬೇಡ, ದಂಡ ಬೇಡ, ದಾರ ತನ್ನ ಕೆಲಸ ತಾನೇ ಮಾಡುತ್ತದೆ. ಖರ್ಚು ಎಷ್ಟು? ಅಂಗಡಿಯಲ್ಲಿ ಸಿಗುವ ಒಂದು ಉಂಡೆ ಹತ್ತಿ ದಾರದ್ದು.

ಟೆಕ್ಸಾಸ್‌ನಲ್ಲಿ ಇನ್ನೊಂದು ಕ್ರಮ ಇದೆ. 2002ರಲ್ಲಿ ಶುರುವಾದದ್ದು, ಪ್ರತಿ ಫೆಬ್ರವರಿಯಲ್ಲಿ ಹತ್ತು ದಿನ ಏಡಿ ಗೂಡು ಇಡುವಂತಿಲ್ಲ. ಆ ಹತ್ತು ದಿನದಲ್ಲಿ ನೀರಿನಲ್ಲಿ ಕಂಡ ಗೂಡನ್ನು ಬಿಟ್ಟುಹೋದದ್ದು ಅಂತ ಲೆಕ್ಕ ಹಾಕುತ್ತಾರೆ, ಊರವರೇ ದೋಣಿ ತಂದು ಎತ್ತಿ ಹಾಕುತ್ತಾರೆ. ಇದುವರೆಗೆ 40,000ಕ್ಕೂ ಜಾಸ್ತಿ ಗೂಡು ಹೊರಗೆ ಬಂದಿದೆಯಂತೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಇರುವುದು ನಮ್ಮ ಹೊಳೆಯಲ್ಲಿರುವ ಹಾಗಿನ ಕೆಸರು ಏಡಿಯೇ. ಅಲ್ಲಿ ಹೆಣ್ಣನ್ನು ಮುಟ್ಟುವಂತಿಲ್ಲ, ಗಂಡಾದರೂ 15 ಸೆಂಟಿಮೀಟರ್ ಅಗಲ ಆಗಿರಬೇಕು.

ಅವನ್ನೆಲ್ಲ ಹಾಗ್ಹಾಗೇ ಇಲ್ಲಿ ತಂದು ಹಾಕಿ ಅಂತ ನಾನು ಹೇಳುವುದಿಲ್ಲ. ಓರೆಗಾನಿನ 500 ನಮ್ಮ ಹೊಳೆಗೆ ಹುಚ್ಚು ಲೆಕ್ಕ, ಅದು ತೆರೆದ ಕಡಲಿನದ್ದು. ಹೆಣ್ಣು ಏಡಿ ಪೂರ್ತಿ ಬೇಡ ಅಂದರೆ ಇಲ್ಲಿ ಒಬ್ಬರೂ ಕೇಳುವುದಿಲ್ಲ, ಕೇಳದ ನಿಯಮ ಮಾಡಿ ಪ್ರಯೋಜನವೂ ಇಲ್ಲ. ಅದರ ಬದಲು ಅಳಿವೆ ಬಾಯಿಯ ಒಂದಿಷ್ಟು ಜಾಗವನ್ನು, ದೋಣಿ ಹೋಗುವ ನೀರಿನ ದಾರಿಯನ್ನು, ವರ್ಷವಿಡೀ ಗೂಡಿಲ್ಲದೆ ಬಿಡಿ. ಹೋಗುವ ಹೆಣ್ಣು ಹೋಗಲಿ, ಬರುವ ಮರಿ ಬರಲಿ. ದೋಣಿಯವರಿಗೂ ಹಗ್ಗ ಸಿಕ್ಕಿಕೊಳ್ಳುವ ತಲೆಬಿಸಿ ಇಲ್ಲ.

ಕೇರಳಕ್ಕೆ ಇದೆಲ್ಲ ಹೊಸದೂ ಅಲ್ಲ. 1980ರ ಕಡಲ ಮೀನುಗಾರಿಕೆ ಕಾಯ್ದೆ ಇದೆ, ಒಳನಾಡಿನ ನೀರಿಗೆ 2010ರ ಕಾಯ್ದೆ ಇದೆ. ಸಣ್ಣ ಮೀನು ಹಿಡಿಯಬಾರದು ಅಂತ 2015ರಲ್ಲಿ 14 ಜಾತಿಗೆ ಕನಿಷ್ಠ ಗಾತ್ರ ಹಾಕಿದರು, 2017ರಲ್ಲಿ ಅದನ್ನು 58ಕ್ಕೆ ಏರಿಸಿದರು. ದೇಶದಲ್ಲೇ ಮೊದಲು ಮಾಡಿದ ಕೆಲಸ ಅದು, ಹೊಗಳಲೇಬೇಕು. ಕೊಲ್ಲಂನ ಅಷ್ಟಮುಡಿ ಹಿನ್ನೀರಿನಲ್ಲಿ ಕಪ್ಪೆಚಿಪ್ಪು ತೆಗೆಯುವವರು ಡಿಸೆಂಬರಿನಿಂದ ಫೆಬ್ರವರಿವರೆಗೆ ನೀರಿಗಿಳಿಯುವುದಿಲ್ಲ, ಬಲೆಯ ಕಣ್ಣಿಗೂ ಅಳತೆ ಇದೆ. ಅದರಿಂದ ಅವರ ಹೊಟ್ಟೆ ಒಣಗಲಿಲ್ಲ. ಬದಲಿಗೆ 2014ರಲ್ಲಿ, ಸಂತತಿ ಉಳಿಸಿ ಹಿಡಿಯುತ್ತಾರೆ ಅಂತ ಅಂತರರಾಷ್ಟ್ರೀಯ ಸರ್ಟಿಫಿಕೇಟ್ ಬಂತು, ಭಾರತದಲ್ಲಿ ಒಂದು ಮೀನುಗಾರಿಕೆಗೆ ಹಾಗೆ ಸಿಕ್ಕಿದ್ದು ಅದೇ ಮೊದಲು. ಅಲ್ಲಿ ಆದದ್ದು ಇಲ್ಲಿ ಯಾಕೆ ಆಗಬಾರದು? ಕೊಲ್ಲಂ ತಿರುವನಂತಪುರಕ್ಕೆ ಹತ್ತಿರ, ನಾವು ದೂರ ಅಂತಲಾ?

ನಮ್ಮ ಕಡವಿನಲ್ಲಿ (ದೋಣಿ ಹತ್ತಿಳಿಯುವ ಜಾಗದಲ್ಲಿ) ಗೂಡಿನ ಬಗ್ಗೆ ಒಂದು ಬೋರ್ಡನ್ನೂ ನಾನು ನೋಡಿಲ್ಲ. ಬೇರೆ ವಿಷಯದ ನೋಟೀಸು ಬಂದರೂ ಮಲಯಾಳದಲ್ಲಿ ಮಾತ್ರ. ಹೊಳೆ ಬದಿಯಲ್ಲಿ ಮನೆಮಾತು ತುಳು, ಕನ್ನಡ, ಕೊಂಕಣಿ, ಮಲಯಾಳ, ಬ್ಯಾರಿ ಎಲ್ಲ ಇದೆ. ಮಾತಾಡಲು ಮಲಯಾಳ ಎಲ್ಲರಿಗೂ ಬರುತ್ತದೆ, ಓದಲು ಎಲ್ಲರಿಗೂ ಬರುವುದಿಲ್ಲ. ಕನ್ನಡ ಶಾಲೆಯಲ್ಲಿ ಓದಿದ ಹಿರಿಯರು ಆ ಕಾಗದ ಹಿಡಿದುಕೊಂಡು ಮೊಮ್ಮಗಳನ್ನು ಕರೆಯಬೇಕು. ಭಾಷಾ ಅಲ್ಪಸಂಖ್ಯಾತರ ಹಕ್ಕಿನ ಭಾಷಣ ನಾವು ಬೇಕಾದಷ್ಟು ಕೇಳಿದ್ದೇವೆ. ಕೇರಳದ 1969ರ ಭಾಷಾ ಕಾಯ್ದೆಯಲ್ಲೇ ಕನ್ನಡಕ್ಕೆ ಜಾಗ ಕೊಟ್ಟಿದ್ದರು. ನನಗೆ ಬೇಕಾದದ್ದು ಅಷ್ಟು ದೊಡ್ಡದೇನಲ್ಲ: ಏಡಿಯ ಅಳತೆ, ಗೂಡಿನ ಲೆಕ್ಕ, ಇಡಬಾರದ ಜಾಗ, ಇಷ್ಟನ್ನು ಕನ್ನಡದಲ್ಲೂ ಬರೆದು ಕಡವಿನ ಮರಕ್ಕೆ ಹೊಡೆಯಿರಿ. ಜತೆಗೆ ಏಡಿಯ ಹೊಟ್ಟೆಯ ಚಿತ್ರ ಇರಲಿ, ಕಿರಿದಾದ ಮೂರು ಮೂಲೆಯ ಮುಚ್ಚಳ ಇದ್ದರೆ ಗಂಡು, ಅಗಲವಾಗಿ ದುಂಡಗಿದ್ದರೆ ಹೆಣ್ಣು. ಹಿಡಿಯುವವರಿಗೆ ಇದು ಗೊತ್ತು. ರಜೆಯಲ್ಲಿ ಗೂಡು ಹಾಕಲು ಬರುವ ಹುಡುಗರಿಗೆ ಗೊತ್ತಿಲ್ಲ.

ಮನೆಗೆ ಎಷ್ಟು ಗೂಡು? ಸಂಖ್ಯೆ ನಾನು ಹೇಳುವುದಿಲ್ಲ. ಅದನ್ನು ಹೊಳೆಹೊಳೆಗೆ ಬೇರೆಯಾಗಿ, ಹಿಡಿಯುವವರನ್ನು ಕೂರಿಸಿಕೊಂಡು ಲೆಕ್ಕ ಹಾಕಬೇಕು. ಚಂದ್ರಗಿರಿ 105 ಕಿಲೋಮೀಟರ್ ಉದ್ದದ ಹೊಳೆ, ಅದಕ್ಕೂ ಮಂಜೇಶ್ವರಕ್ಕೂ ಒಂದೇ ಅಂಕೆ ಹಾಕಿದರೆ ಅದು ಕಚೇರಿಯಲ್ಲಿ ಕುಳಿತು ಬರೆದ ನಿಯಮ ಅಂತ ಮೊದಲ ದಿನವೇ ಗೊತ್ತಾಗುತ್ತದೆ. ಆದರೆ ಒಂದು ಅಂಕೆ ಬೇಕು, ಬೆಂಡಿಗೆ ಒಂದು ನಂಬರು ಬೇಕು. ಮಿತಿ ಹಾಕಿದರೆ ಬಡವನಿಗೆ ನಷ್ಟ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಬಡವನ ಹತ್ತಿರ ಇರುವುದೇ ನಾಲ್ಕು ಗೂಡು. ಮಿತಿ ತಾಗುವುದು ದೋಣಿ ತುಂಬಾ ತರುವವನಿಗೆ.

ಇನ್ನೊಂದು ಮಾತು ಖರೀದಿಯವರಿಗೆ. ಹೊಳೆಯಲ್ಲಿ ರಾತ್ರಿ ಕಾವಲು ಕಾಯಲು ಇಲಾಖೆಗೆ ಆಗುವುದಿಲ್ಲ, ಅವರಿಗೆ ಅಷ್ಟು ಜನರೂ ಇಲ್ಲ, ದೋಣಿಯೂ ಇಲ್ಲ. ಆದರೆ ಏಡಿ ಎಷ್ಟೇ ಗೂಡಿನಿಂದ ಬಂದರೂ ಕೊನೆಗೆ ಬರುವುದು ತಕ್ಕಡಿಗೆ. ಕಾಲಿಗೆ ಹಗ್ಗ ಬಿಗಿದು, ಒದ್ದೆ ಗೋಣಿ ಮುಚ್ಚಿ, ಬುಟ್ಟಿಯಲ್ಲಿ ಸಾಲಾಗಿಟ್ಟು ತರುತ್ತಾರೆ. ಅಲ್ಲಿ ಅಂಗೈಗಿಂತ ಸಣ್ಣದನ್ನು, ಚಿಪ್ಪು ಬಿಟ್ಟು ಇನ್ನೂ ಮೆತ್ತಗಿರುವ, ಒಡೆದರೆ ಒಳಗೆ ನೀರೇ ಇರುವ ಏಡಿಯನ್ನು ಬೇಡ ಅಂದುಬಿಟ್ಟರೆ ಮರುದಿನ ಯಾರೂ ತರುವುದಿಲ್ಲ. ಈಗ ಏನಾಗುತ್ತದೆ? ಕಡಿಮೆ ರೇಟಿಗೆ ಅದನ್ನೂ ತೆಗೆದುಕೊಳ್ಳುತ್ತಾರೆ. ಕೆರೆಯಲ್ಲಿ ಬಿಟ್ಟು ಕೊಬ್ಬಿಸುವವರಿಗೆ ಕೊಡುತ್ತೇವೆ ಅನ್ನುತ್ತಾರೆ. ಸಾಕುವುದು ಒಳ್ಳೆಯದೇ, ಆದರೆ ಅದಕ್ಕೆ ಮರಿ ಬೇಕಿದ್ದರೆ ತಮಿಳುನಾಡಿನ ಸೀರ್ಕಾಳಿ ಹತ್ತಿರ ಕೆಸರು ಏಡಿಯ ಮರಿ ಮಾಡುವ ಸರಕಾರಿ ಕೇಂದ್ರ ಇದೆ. ಹೊಳೆಯ ಮರಿಯನ್ನೇ ಖಾಲಿ ಮಾಡಿ ಕೆರೆ ತುಂಬಿಸುವುದಕ್ಕೆ ಸಾಕಣೆ ಅನ್ನುತ್ತಾರಾ?

 

ಮಂಜೇಶ್ವರ, ಕಾಸರಗೋಡು ತಾಲೂಕಿನ ಹೊಳೆ ಬದಿಯ ಪಂಚಾಯತುಗಳು ಮತ್ತು ಮೀನುಗಾರಿಕೆ ಇಲಾಖೆಯವರು ಸೇರಿ ಬರುವ ಮಳೆಗಾಲಕ್ಕೆ ಮೊದಲು ಏಡಿ ಹಿಡಿಯುವವರ ಒಂದು ಸಭೆ ಕರೆಯಲಿ ಅಂತ ನಿಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ. ಕರೆಯುವುದಾದರೆ ದಯವಿಟ್ಟು ಬೆಳಿಗ್ಗೆ ಹತ್ತು ಗಂಟೆಗೆ ಇಡಬೇಡಿ. ಅದು ಗೂಡು ಎತ್ತಿ, ಏಡಿ ಕಟ್ಟಿ, ತೂಕಕ್ಕೆ ಕೊಂಡುಹೋಗುವ ಹೊತ್ತು. ಮಧ್ಯಾಹ್ನ ಊಟ ಆದ ಮೇಲೆ ಇಡಿ, ಎಲ್ಲರೂ ಬರುತ್ತಾರೆ.

– ಶಿರಿಯ ಹೊಳೆ ಬದಿಯ ಓದುಗ, ಕುಂಬಳೆ