ಗುಪ್ತಲಿಪಿಯ ಆಟಕ್ಕೂ ಜಾಗ ಇರಲಿ

ಮಾನ್ಯರೇ,

ಇನ್ನೂ ಬಿಡಿಸಲಾಗದ ಗುಪ್ತಲಿಪಿಗಳ ಕುರಿತು ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಓದಿದೆ. ಈ ಒಗಟುಗಳ ರುಚಿ ನಮ್ಮ ಊರಿನ ಮಕ್ಕಳಿಗೂ ಹತ್ತಬೇಕು. ದೊಡ್ಡವರಿಗೆ ತಿಳಿಯದಿರಲಿ ಎಂದು ಚಿಕ್ಕಂದಿನಲ್ಲಿ ನಾವೆಲ್ಲ ‘ಕ’ ಭಾಷೆ ಆಡಿದವರೇ. (ಅಮ್ಮನಿಗೆ ಎಲ್ಲ ಅರ್ಥವಾಗುತ್ತಿತ್ತು ಎಂದು ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ!)

ಅಮೆರಿಕದಲ್ಲಿ ‘ಝೋಡಿಯಾಕ್’ ಎಂಬ ಕೊಲೆಗಾರ 1969ರಲ್ಲಿ ಪತ್ರಿಕೆಗೆ ಕಳಿಸಿದ 340 ಚಿಹ್ನೆಗಳ ಸಂದೇಶ 51 ವರ್ಷ ಯಾರಿಗೂ ಜಗ್ಗಲಿಲ್ಲ. 2020ರಲ್ಲಿ ಅದನ್ನು ಬಿಡಿಸಿದ್ದು ಪೊಲೀಸರಲ್ಲ; ಅಮೆರಿಕ, ಆಸ್ಟ್ರೇಲಿಯಾ, ಬೆಲ್ಜಿಯಂನ ಮೂವರು ಹವ್ಯಾಸಿಗಳು. ಅಷ್ಟು ದೂರ ಯಾಕೆ, ನಮ್ಮ ಕನ್ನಡದ ‘ಸಿರಿಭೂವಲಯ’ ಎಂಬ ಗ್ರಂಥದಲ್ಲಿ ಅಕ್ಷರಗಳೇ ಇಲ್ಲ. ಉದ್ದಕ್ಕೆ 27, ಅಡ್ಡಕ್ಕೆ 27 ಮನೆಗಳ ಚೌಕದಲ್ಲಿ ಅಕ್ಷರಗಳ ಬದಲು 1ರಿಂದ 64ರವರೆಗಿನ ಅಂಕಿಗಳಷ್ಟೆ. ಅದರ ಬಗ್ಗೆ ಕೆಲವರು ಆಡುವ ದೊಡ್ಡ ದೊಡ್ಡ ಮಾತುಗಳನ್ನು ನಾನು ಪೂರ್ತಿ ನಂಬುವುದಿಲ್ಲ. ಆದರೆ ಅಂಥ ಒಂದು ಚೌಕ ಕೈಗೆ ಸಿಕ್ಕರೆ ಮಕ್ಕಳು ಸ್ವಲ್ಪ ಹೊತ್ತಾದರೂ ಮೊಬೈಲ್ ಮರೆತಾರು, ಅಲ್ವಾ?

ಮಂಗಳೂರಿನ ಪಿಲಿಕುಳದ ವಿಜ್ಞಾನ ಕೇಂದ್ರದಲ್ಲಿ ರಜೆಯಲ್ಲಿ ಗುಪ್ತಲಿಪಿ ಬಿಡಿಸುವ ಕಮ್ಮಟ ನಡೆಸಬಹುದು. ತುಳು ಲಿಪಿ ಬಲ್ಲವರನ್ನೂ ಕರೆದರೆ ಇನ್ನೂ ಚೆನ್ನ. ಪತ್ರಿಕೆಯೂ ಭಾನುವಾರ ಪದಬಂಧದ ಪಕ್ಕ ಒಂದು ಗುಪ್ತ ಸಾಲು ಅಚ್ಚು ಹಾಕಲಿ, ಉತ್ತರ ಮುಂದಿನ ವಾರ ಸಾಕು.

– ಓದುಗ, ಸುರತ್ಕಲ್