ಟೊಮೆಟೊ ಆ್ಯಪ್ ಗುಂಪಿಗೆ: ಭಾನುವಾರದ ಕೆಲಸ

ಎಲ್ಲರಿಗೂ ನಮಸ್ಕಾರ. ಕೋಲಾರ ಎಪಿಎಂಸಿಯಲ್ಲಿ ಈಗ ಟೊಮೆಟೊ ಸೀಸನ್. ಹರಾಜಿನ ಗಡಿಬಿಡಿಯಲ್ಲಿ ರೈತರನ್ನು ನಿಲ್ಲಿಸಿ "ನಮ್ಮ ಆ್ಯಪ್ ನೋಡಿ" ಅಂದರೆ ಬೈಸಿಕೊಳ್ಳುತ್ತೇವೆ, ಅಲ್ವಾ? ಸದ್ಯಕ್ಕೆ ಆ್ಯಪ್ ಬಳಸುವವರಿಗೆ ತೊಡಕಾಗುವ ತಪ್ಪುಗಳನ್ನು ನಾವೇ ಹುಡುಕೋಣ.

ಇದಕ್ಕೆ ಹಳೆಯ ದಾರಿಯೊಂದಿದೆ. 1990ರಲ್ಲಿ ಜೇಕಬ್ ನೀಲ್ಸನ್ ಮತ್ತು ರೋಲ್ಫ್ ಮೋಲಿಕ್ ಎಂಬ ಬಳಕೆ-ಸುಲಭತೆಯ ತಜ್ಞರು ತೋರಿಸಿದ್ದು. ಮೂರರಿಂದ ಐದು ಜನ, ಪರದೆ ಬಳಸಲು ಸುಲಭವಾಗಿರಲು ಬೇಕಾದ ಕೆಲವು ನಿಯಮ ಇಟ್ಟುಕೊಂಡು ಪ್ರತಿ ಪರದೆಯನ್ನೂ ಜರಡಿ ಹಿಡಿಯಬೇಕು. ನೀಲ್ಸನ್ 1994ರಲ್ಲಿ ತಿದ್ದಿದ 10 ನಿಯಮಗಳನ್ನು ಶನಿವಾರ ರಾತ್ರಿ ಇಲ್ಲೇ ಹಾಕುತ್ತೇನೆ.

ದಯವಿಟ್ಟು ಒಬ್ಬೊಬ್ಬರೇ ಕೂತು ನೋಡಿ. ಭಾನುವಾರ ಸಂಜೆ 6ರವರೆಗೆ ಯಾರೂ ಗುಂಪಿನಲ್ಲಿ ಬಾಯಿ ಬಿಡಬೇಡಿ. ಒಬ್ಬರು ಹೇಳಿದರೆ ಉಳಿದವರಿಗೂ ಅದೇ ಕಾಣಲು ಶುರುವಾಗುತ್ತದೆ. ಪ್ರತಿ ತಪ್ಪಿಗೂ 0ಯಿಂದ 4ರವರೆಗೆ ಅಂಕ ಕೊಡಿ. 4 ಅಂದರೆ ಸರಿಮಾಡದೆ ಬಿಡುಗಡೆಯೇ ಬೇಡ.

ನಾನು ನಿನ್ನೆ ಸುಮ್ನೆ ಬೆಲೆ ಪರದೆ ತೆರೆದೆ. "ಕ್ವಿಂಟಲ್‌ಗೆ ಇಷ್ಟು" ಅಂತಿದೆ. ನಮ್ಮ ಮಂಡಿಯಲ್ಲಿ ಮಾತಾಡುವುದು 15 ಕೆಜಿ ಬಾಕ್ಸ್ ಲೆಕ್ಕದಲ್ಲಿ! ಬೆಳಗಿನ ಜಾವ ಎದ್ದು ಬಂದವರು ಭಾಗಾಕಾರ ಮಾಡುತ್ತಾ ಕೂರುತ್ತಾರಾ? ನನ್ನ ಪ್ರಕಾರ ಇದಕ್ಕೆ 4. (ಬರೆದದ್ದು ನಾನೇ, ಬೈಯಬಹುದು.) ತಿಳಿ ಬೂದು ಅಕ್ಷರಗಳೂ ಅಷ್ಟೇ. ಸಣ್ಣ ಅಕ್ಷರಕ್ಕೂ ಹಿನ್ನೆಲೆಗೂ ಕಾಂಟ್ರಾಸ್ಟ್ (ಬೆಳಕು-ಕಪ್ಪಿನ ವ್ಯತ್ಯಾಸ) ಕನಿಷ್ಠ 4.5:1 ಇರಬೇಕು. ಫೋನ್ ಹಿಡಿದು ಮಧ್ಯಾಹ್ನದ ಬಿಸಿಲಿಗೆ ಹೋಗಿ ನೋಡಿ, ಗೊತ್ತಾಗುತ್ತದೆ.

ಇದರಲ್ಲಿ ನಮ್ಮ ಊಹೆಯೇ ಜಾಸ್ತಿ. ಸೀಸನ್ ಇಳಿದ ಮೇಲೆ ನಾಲ್ಕೈದು ರೈತರ ಕೈಗೆ ಫೋನ್ ಕೊಟ್ಟು, ಏನೂ ಹೇಳಿಕೊಡದೆ ಪಕ್ಕದಲ್ಲಿ ಕೂರಲೇಬೇಕು. ಭಾನುವಾರ ಯಾರ್‍ಯಾರು ಬಿಡುವಾಗಿದ್ದೀರಿ, ಇಲ್ಲೇ ತಿಳಿಸಿ.